ನೆಲದ ಗಾಳಿ ನೈಋತ್ಯದ್ದು, ಬಿರುಗಾಳಿ ಮಾತ್ರ ಮೂಡಲದ್ದು: ನಿಯಾಮೆದಾಗ ಮಳಿ ಹಿಂಗ್ಯಾಕ ಬರ್ತೈತಿ?

ಹುಬ್ಬಳ್ಳಿಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಸದ್ಯ ನೈಜರ್ ದೇಶದ ರಾಜಧಾನಿ ನಿಯಾಮೆದಾಗ ಅದೀನಿ, ಸೋಲಾರ್ ಪಂಪ್ ಕೂಡಿಸೋ ಕೆಲಸ. ಇಲ್ಲಿ ಜೂನ್‌ದಿಂದ ಸೆಪ್ಟೆಂಬರ್ ತನಕ ಮಳಿಗಾಲ. ನಮ್ಮೂರಿನಂಗ ಇಲ್ಲೂ ಗಾಳಿ ನೈಋತ್ಯದಿಂದನ ಬೀಸ್ತೈತಿ, ಮಾನ್ಸೂನ್ ಅಂತನ ಕರೀತಾರ. ಆದ್ರ ಮಳಿ ಮಾತ್ರ ಆ ದಿಕ್ಕಿಂದ ಬರಂಗಿಲ್ಲ. ಪೂರ್ವದಿಂದ ಬರ್ತೈತಿ, ಅದೂ ಬಹಳ ಸಲ ನಸುಕಿನ್ಯಾಗ.

ಮೊನ್ನೆ ಹಿಂಗಾತು. ಐದೂವರಿ ಹೊತ್ತಿಗೆ ಮಾಳಿಗಿ ಮ್ಯಾಲೆ ನಿಂತಿದ್ದೆ. ಮೂಡಲ ಕಡೆ ಬಿಲ್ಲಿನಂಗ ಬಾಗಿದ ಕರಿ ಮೋಡ, ಕೆಳಗಿನ ಅಂಚು ಕತ್ತರಿಸಿಟ್ಟಂಗ ಸಪಾಟ. ಅದರ ಬುಡಕ್ಕ ಕೆಂಪು ಧೂಳಿನ ಗ್ವಾಡಿ. ನಮ್ಮ ಕಡಿಂದ ಬೀಸೋ ಗಾಳಿ ಅದರ ಕಡೀನ ಹೊಂಟಿತ್ತು, ಒಣಗಾಕ ಹಾಕಿದ್ದ ಅರಬಿ ಎಲ್ಲಾ ಆ ಕಡೆ ಹಾರ್ತಿದ್ವು. ಒಮ್ಮಿಂದೊಮ್ಮೆ ಗಾಳಿ ನಿಂತ್ ಬಿಡ್ತು. ಅರಬಿ ಜೋತುಬಿದ್ವು. ಒಂದು ನಿಮಿಷ ಆಗಿರಬೇಕು, ತಿರುಗಿ ಬಡೀತು ನೋಡ್ರಿ ಮೂಡಲಿಂದ, ಕಣ್ ಬಿಡಾಕ ಆಗಲಿಲ್ಲ. ಮೈಗೆ ತಣ್ಣಗ. ಮಳಿ ಇನ್ನೂ ಬಂದಿರಲಿಲ್ಲ. ಬಂದಾಗ ಮೊದಲ ಹನಿ ಎಲ್ಲಾ ಕೆಸರು. ಅರ್ಧ ತಾಸು ಜೋರು ಹೊಡೀತು, ಆಮ್ಯಾಲೆ ಎರಡೂವರಿ-ಮೂರು ತಾಸು ಸುಮ್ಮನ ಜಿಟಿಜಿಟಿ.

ನನ್ನ ಪ್ರಶ್ನೆ: ಎದುರುಗಾಳಿ ಸೀಳಿಕೊಂಡು ಮೋಡ ಹೆಂಗ ಬರ್ತೈತಿ? ಬಿಸಿಲ ಇಲ್ಲದ ನಸುಕಿನ್ಯಾಗ ಯಾಕ? ಮತ್ತ ಆ ಜಿಟಿಜಿಟಿ ಮಳಿ ಎಲ್ಲಿಂದ ಬಂತು? ಸೈಟ್‌ನ್ಯಾಗ ಪಾಯಾಕ್ಕ ಕಾಂಕ್ರೀಟ್ ಹಾಕೋದಿರ್ತೈತಿ, ಹಿಂದಿನ ದಿನನ ಗೊತ್ತಾದ್ರ ಛಲೋ.

ಗಾಳಿಪಟ:
ಇದರಲ್ಲಿ ಅಂಥಾ ರಹಸ್ಯ ಏನಿಲ್ಲ ಬ್ರದರ್. ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ. ಮೋಡ ಎತ್ತರದಲ್ಲಿರುತ್ತೆ, ಮೇಲಿನ ಗಾಳಿ ತಳ್ಕೊಂಡು ಬರುತ್ತೆ. ಮುಗೀತು.

ಐಸೋಬಾರ್:
ಗಾಳಿಪಟ ಅವರ ಮಾತು ಅರ್ಧ ಸರಿ, ಉಳಿದ ಅರ್ಧದಲ್ಲೇ ವಿಷಯ ಇರೋದು. ನಾನು ಹವಾಮಾನ ವೀಕ್ಷಣೆಯ ಕೆಲಸದಿಂದ ನಿವೃತ್ತನಾದವನು, ಸ್ವಲ್ಪ ಉದ್ದವಾಗಿ ಬರೆದರೆ ಬೇಸರಿಸಬೇಡಿ.

ಸಾಹೆಲ್, ಅಂದರೆ ಸಹಾರಾದ ದಕ್ಷಿಣ ಅಂಚಿನ ಅರೆಒಣ ಪಟ್ಟಿಯ ಮೇಲೆ ಮಳೆಗಾಲದಲ್ಲಿ ಗಾಳಿ ಪದರ ಪದರವಾಗಿದೆ. ನೆಲದಿಂದ ಒಂದೂವರೆ–ಎರಡು ಕಿ.ಮೀ. ತನಕ ಗಿನಿ ಕೊಲ್ಲಿಯಿಂದ ಬರುವ ಒದ್ದೆ ನೈಋತ್ಯ ಗಾಳಿ. ಅದರ ಮೇಲೆ ಸಹಾರಾದ ಒಣ ಗಾಳಿ. ಮೂರು-ನಾಲ್ಕು ಕಿ.ಮೀ. ಎತ್ತರದಲ್ಲಿ ಇದು ಪೂರ್ವದಿಂದ ಪಶ್ಚಿಮಕ್ಕೆ ಜೋರಾಗಿ ಹರಿಯುತ್ತೆ, ಸೆಕೆಂಡಿಗೆ 10-12 ಮೀಟರ್, ಅಂದರೆ ಗಂಟೆಗೆ 40 ಕಿ.ಮೀ. ಆಸುಪಾಸು. ಆಫ್ರಿಕನ್ ಈಸ್ಟರ್ಲಿ ಜೆಟ್ ಅನ್ನೋದು ಇದಕ್ಕೇ. ಉತ್ತರದಲ್ಲಿ ಕಾದ ಮರಳುಗಾಡು, ದಕ್ಷಿಣದಲ್ಲಿ ತಂಪಾದ ಗಿನಿ ಕರಾವಳಿ. ಆ ಉಷ್ಣತೆಯ ವ್ಯತ್ಯಾಸವೇ ಅದರ ಹುಟ್ಟಿಗೆ ಕಾರಣ. ಇನ್ನೂ ಮೇಲೆ, 12-15 ಕಿ.ಮೀ.ನಲ್ಲಿ ಇನ್ನೊಂದು ಪೂರ್ವ ಜೆಟ್ ಇದೆ. ಇದು ನಮಗೂ ನೆಂಟನೇ. ಜುಲೈ-ಆಗಸ್ಟಿನಲ್ಲಿ ದಕ್ಷಿಣ ಭಾರತದ ನೆತ್ತಿಯ ಮೇಲೆ ಹಾದು, ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗೋದು ಅದೇ. 1950ರ ದಶಕದಲ್ಲಿ ಅದನ್ನು ಜಗತ್ತಿಗೆ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ.

ಈಗ ಲೆಕ್ಕ ನೋಡಿ. ನೀವು ಕಂಡದ್ದು ಸ್ಕ್ವಾಲ್ ಲೈನ್, ಬಿರುಗಾಳಿ ಮೋಡಗಳ ಸಾಲು. ಅದು ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಪಶ್ಚಿಮಕ್ಕೆ ಓಡುತ್ತೆ. ಜೆಟ್ ಇರೋದು 40ರಲ್ಲಿ. ಗಾಳಿಯೇ ಮೋಡವನ್ನು ಹೊತ್ತು ತರೋದಾದರೆ, ಹೊತ್ತವನಿಗಿಂತ ಹೊರೆ ಮುಂದೆ ಹೋಗೋದು ಹೇಗೆ?

ಗಾಳಿಪಟ:
ಸರಿ ಸರ್, ಒಪ್ದೆ. ಹಾಗಾದ್ರೆ ತಳ್ಳೋದು ಯಾರು?

ಐಸೋಬಾರ್:
ಅದರದೇ ಮಳೆ.

ಮೋಡದಿಂದ ಬೀಳುವ ನೀರು ದಾರಿಯಲ್ಲಿ ಆ ಸಹಾರಾದ ಒಣ ಪದರ ಹಾಯಬೇಕು. ಅಲ್ಲಿ ಒಂದಿಷ್ಟು ಹನಿ ಆವಿಯಾಗುತ್ತೆ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತೆ. ತಣ್ಣಗಾದ ಗಾಳಿ ಭಾರ, ಧೊಪ್ಪನೆ ಇಳಿಯುತ್ತೆ, ನೆಲಕ್ಕೆ ಬಡಿದು ಹರಡುತ್ತೆ. ಹೀಗೆ ಸಾಲಿನ ಅಡಿಯಲ್ಲಿ ಸುಮಾರು ಒಂದು ಕಿ.ಮೀ. ದಪ್ಪದ ತಣ್ಣನೆ ಗಾಳಿಯ ರಾಶಿ ಕೂಡುತ್ತೆ, ಕೋಲ್ಡ್ ಪೂಲ್ ಅಂತಾರೆ. ಅದರ ಮುಂದಿನ ಅಂಚೇ ನಿಮ್ಮ ಮುಖಕ್ಕೆ ಬಡಿದದ್ದು, ಧೂಳೆಬ್ಬಿಸಿದ್ದು. ಮಳೆಗಿಂತ ಮೊದಲು ತಂಪಾದದ್ದೂ ಅದಕ್ಕೇ.

ಈ ಅಂಚು ಮುಂದೆ ಸಾಗಿದಂತೆ ಎದುರಿನ ಒದ್ದೆ ಮಾನ್ಸೂನ್ ಗಾಳಿಯ ಕೆಳಗೆ ತೂರಿ ಅದನ್ನು ಎತ್ತುತ್ತೆ. ಎತ್ತಿದ ಗಾಳಿ ಹೊಸ ಮೋಡವಾಗುತ್ತೆ, ಆ ಮೋಡ ಮತ್ತೆ ಮಳೆ ಸುರಿಸುತ್ತೆ, ಮತ್ತೆ ತಣ್ಣನೆ ಗಾಳಿ. ಒಂದೊಂದು ಮೋಡವನ್ನೇ ನೋಡಿದರೆ ಅದೂ ಪಶ್ಚಿಮಕ್ಕೇ ಚಲಿಸುತ್ತೆ, ಆದರೆ ಸಾಲಿನಷ್ಟು ವೇಗ ಇಲ್ಲ. ಹಾಗಾಗಿ ಮುಂದೆ ಹುಟ್ಟಿ, ಹಿಂದೆ ಬಿದ್ದು, ಅಲ್ಲೇ ಸಾಯುತ್ತೆ. ನಿಮ್ಮ ಪೂರ್ವಕ್ಕಿರುವ ಜಿಂದರ್ ಊರಲ್ಲಿ ಕಂಡ ಮೋಡ ನಿಯಾಮೆಗೆ ಬರೋದಿಲ್ಲ, ಸಾಲು ಮಾತ್ರ ಬರುತ್ತೆ.

ನಿಮಗೆ ಎದುರುಗಾಳಿ ಅನ್ನಿಸಿದ್ದು ಅದಕ್ಕೆ ಎದುರಾಳಿ ಅಲ್ಲ, ಮೇವು. ಬಟ್ಟೆ ಆ ಕಡೆ ಹಾರುತ್ತಿದ್ದವು ಅಂದಿರಲ್ಲ, ಆ ಗಾಳಿ ಇಲ್ಲದಿದ್ದರೆ ಸಾಲು ಕೆಲವೇ ಗಂಟೆಯಲ್ಲಿ ಸೊರಗುತ್ತಿತ್ತು.

ಸಜ್ಜೆರೊಟ್ಟಿ:
ರಾಯಚೂರಿಂದ ಬರೀಲಿಕತ್ತೀನಿ, ಒಕ್ಕಲುತನ. ಅಂದ್ರ ತಣ್ಣನ ಗಾಳಿ ನೇಗಿಲ ಕುಳದಂಗ ನೆಲಕ್ಕ ಹತ್ತಿ ಹೋಗ್ತದ, ಮುಂದಿನ ಬಿಸಿ ಗಾಳಿನ ಮಣ್ಣಿನಂಗ ಎತ್ತಿ ಹಿಂದಕ ಹೊಳ್ಳಿಸಿ ಒಗೀತದ. ಹೌದಲ್ರಿ ಸರ?

ಐಸೋಬಾರ್:
ನಾನು ಎರಡು ಪ್ಯಾರಾ ಬರೆದೆ, ನೀವು ಒಂದು ಸಾಲಲ್ಲಿ ಮುಗಿಸಿದಿರಿ. ಹೌದು.

ಪಿಯುಮೇಷ್ಟ್ರು:
ಫಿಸಿಕ್ಸ್ ಪಾಠ ಮಾಡೋನಾಗಿ ಒಂದು ಲೆಕ್ಕ ಹಾಕದೆ ಇರೋಕಾಗಲ್ಲ. ಭಾರದ ಗಾಳಿ ಹಗುರ ಗಾಳಿಯ ಕೆಳಗೆ ನುಗ್ಗೋ ವೇಗಕ್ಕೆ ಒಂದು ಸರಳ ಸೂತ್ರ ಇದೆ: ಗುರುತ್ವ ವೇಗೋತ್ಕರ್ಷ, ತಣ್ಣನೆ ಪದರದ ದಪ್ಪ, ಮತ್ತು ಉಷ್ಣತೆಯ ವ್ಯತ್ಯಾಸವನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದ್ದು, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೀರಿ.

ಗುರುತ್ವ 10, ದಪ್ಪ 1000 ಮೀಟರ್, ವ್ಯತ್ಯಾಸ 6 ಡಿಗ್ರಿ, ಉಷ್ಣತೆ 300 ಕೆಲ್ವಿನ್ ಅಂತಿಟ್ಕೊಳ್ಳಿ. 10 × 1000 × 6 ÷ 300 = 200. ವರ್ಗಮೂಲ 14 ಚಿಲ್ಲರೆ. ಸೆಕೆಂಡಿಗೆ 14 ಮೀಟರ್ ಅಂದ್ರೆ ಗಂಟೆಗೆ 50 ಕಿ.ಮೀ. ಐಸೋಬಾರ್ ಸರ್ ಹೇಳಿದ ವೇಗದ ಹತ್ರಹತ್ರ ಬಂತಲ್ಲ! ಪದರ ಅರ್ಧ ಕಿ.ಮೀ. ಮಾತ್ರ ಇದ್ರೆ ವೇಗ 10ಕ್ಕೆ ಇಳಿಯುತ್ತೆ.

ಮಳೆಗಣಿತ:
ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ ಕೊಂಚ ಅದೃಷ್ಟವೂ ಸೇರಿದೆ. ನೆಲದ ಘರ್ಷಣೆ, ಎದುರಿನ ಗಾಳಿ ಎರಡೂ ಆ 14ನ್ನು ತಗ್ಗಿಸುತ್ತವೆ. ಇನ್ನೊಂದು ಕಡೆಯಿಂದ, ಇಳಿಯುವ ಗಾಳಿ ಮೂರು-ನಾಲ್ಕು ಕಿ.ಮೀ. ಎತ್ತರದ ಜೆಟ್‌ನ ಪಶ್ಚಿಮದ ಓಟವನ್ನೂ ಹೊತ್ತುಕೊಂಡೇ ಕೆಳಗೆ ಬರುತ್ತೆ, ಅದು ಕೂಡಿಸುತ್ತೆ. ಕಳೆದು ಕೂಡಿ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಲ್ಲುತ್ತೆ. (ನಾನು ಸಂಶೋಧನಾ ವಿದ್ಯಾರ್ಥಿನಿ, ಉಷ್ಣವಲಯದ ಮೋಡಗಳೇ ವಿಷಯ.)

ಆದರೆ ಬರೀ ತಣ್ಣನೆ ಗಾಳಿ ಇದ್ದರೆ ಸಾಲು ಬದುಕೋದಿಲ್ಲ. ಬೆಂಗಳೂರಿನ ಏಪ್ರಿಲ್ ಮಳೆ ನೆನೆಸಿಕೊಳ್ಳಿ. ತಣ್ಣನೆ ಗಾಳಿ ಅಲ್ಲೂ ಬೀಸುತ್ತೆ, ಮರ ಉರುಳಿಸುತ್ತೆ, ಒಂದು ಗಂಟೆಯಲ್ಲಿ ಎಲ್ಲ ಶಾಂತ. ಯಾಕಂದ್ರೆ ತಣ್ಣನೆ ಗಾಳಿ ಮೋಡದಿಂದ ಮುಂದಕ್ಕೆ ಓಡಿಬಿಡುತ್ತೆ, ಏರುವ ಗಾಳಿ ಹಿಂದಕ್ಕೆ ಒರಗಿ ಬಲ ಕಳಕೊಳ್ಳುತ್ತೆ. ಸಾಹೆಲ್‌ನಲ್ಲಿ ಕೆಳಗೆ ನೈಋತ್ಯ, ಮೂರು ಕಿ.ಮೀ. ಮೇಲೆ ಪೂರ್ವ, ಎರಡರ ನಡುವಿನ ವ್ಯತ್ಯಾಸ ಸೆಕೆಂಡಿಗೆ 15 ಮೀಟರ್ ಮುಟ್ಟುತ್ತೆ. ಎತ್ತರ ಹೆಚ್ಚಿದಂತೆ ಗಾಳಿ ಹೀಗೆ ಬದಲಾಗೋದಕ್ಕೆ ವಿಂಡ್ ಶಿಯರ್ ಅಂತೀವಿ. ಅದು ಏರುವ ಗಾಳಿಯನ್ನು ಮುಂದಕ್ಕೆ, ಪಶ್ಚಿಮಕ್ಕೆ ವಾಲಿಸಲು ನೋಡುತ್ತೆ. ಹಿಂದಕ್ಕೆ ಎಳೆಯೋ ತಣ್ಣನೆ ಗಾಳಿ, ಮುಂದಕ್ಕೆ ಎಳೆಯೋ ಶಿಯರ್. ಎರಡೂ ಸರಿಸಮ ಆದಾಗ ಮೋಡ ನೆಟ್ಟಗೆ ಏರುತ್ತೆ. 1988ರಲ್ಲಿ ರೊಟುನ್ನೊ, ಕ್ಲೆಂಪ್, ವೈಸ್‌ಮನ್ ಮೂವರೂ ಮುಂದಿಟ್ಟ ವಾದ ಇದು.

ಸಾಲು ಪೂರ್ವದಿಂದಲೇ ಯಾಕೆ ಅನ್ನೋದಕ್ಕೂ ಇದೇ ಉತ್ತರ. ಶಿಯರ್ ಪಶ್ಚಿಮಕ್ಕೆ ಮುಖ ಮಾಡಿರೋದರಿಂದ ತಣ್ಣನೆ ಗಾಳಿಯ ಪಶ್ಚಿಮದ ಅಂಚಲ್ಲಿ ಮಾತ್ರ ಹೊಸ ಮೋಡ ಗಟ್ಟಿಯಾಗಿ ಹುಟ್ಟುತ್ತೆ. ಬೇರೆ ಅಂಚುಗಳಲ್ಲಿ ಧೂಳೆದ್ದು ಸುಮ್ಮನಾಗುತ್ತೆ.

ಐಸೋಬಾರ್:
ಮೇಡಂ, ಆ ಸಮತೋಲನದ ವಾದವನ್ನು ಎಲ್ಲರೂ ಪೂರ್ತಿ ಒಪ್ಪಿಲ್ಲ ಅಲ್ಲವೇ? ಲೆಕ್ಕಕ್ಕೆ ಸಿಗದ ಸಾಲುಗಳೂ ಗಂಟೆಗಟ್ಟಲೆ ಬದುಕಿದ್ದನ್ನು ನಾನೇ ಓದಿದ್ದೇನೆ.

ಮಳೆಗಣಿತ:
ಒಪ್ಪಿಲ್ಲ ಸರ್. ಅಮೆರಿಕದ ಬಯಲುಸೀಮೆಯ ಸಾಲುಗಳನ್ನು ಅಳೆದವರು 2000ದ ನಂತರ ಜೋರಾಗಿಯೇ ತಕರಾರು ಎತ್ತಿದ್ರು: ಸಮತೋಲ ಸರಿಯಿಲ್ಲದೆಯೂ, ಬರೀ ಎತ್ತರದ ಶಿಯರ್ ಇದ್ದರೂ ಸಾಲು ನಿಲ್ಲುತ್ತೆ ಅಂತ. ನನ್ನ ಮಟ್ಟಿಗೆ, ಸಾಲು ಬದುಕೋಕೆ ಈ ಸಮತೋಲ ಕಡ್ಡಾಯ ಅಲ್ಲ, ಆದರೆ ಯಾವಾಗ ಅತಿ ಬಲಶಾಲಿ ಆಗುತ್ತೆ ಅನ್ನೋದಕ್ಕೆ ಒಳ್ಳೆ ಸುಳಿವು. ಸಾಹೆಲ್‌ಗಂತೂ ಇದು ಹೊಂದುತ್ತೆ, ಅಲ್ಲಿ ಶಿಯರ್ ಇರೋದೇ ಕೆಳಗಿನ ಮೂರು ಕಿ.ಮೀ.ನಲ್ಲಿ.

ಹುಬ್ಬಳ್ಳಿಹುಡುಗ:
ಮೇಡಂ, ಐಸೋಬಾರ್ ಸರ್, ಬಹಳ ಉಪಕಾರ ಆತು. ನಸುಕಿನ ಪ್ರಶ್ನೆ, ಜಿಟಿಜಿಟಿ ಪ್ರಶ್ನೆ ಉಳೀತು ನೋಡ್ರಿ.

ಐಸೋಬಾರ್:
ನಸುಕಿನದು ಸುಲಭ. ಅದು ನಿಯಾಮೆಯಲ್ಲಿ ಹುಟ್ಟಿದ್ದಲ್ಲ. ಮಧ್ಯಾಹ್ನ ಮೂರು-ನಾಲ್ಕರ ಬಿಸಿಲಿಗೆ ಪೂರ್ವದ ಕಡೆ, ಅದರಲ್ಲೂ ನೈಜೀರಿಯಾದ ಜೋಸ್ ಪ್ರಸ್ಥಭೂಮಿ, ನೈಜರ್‌ನ ಏರ್ ಪರ್ವತದಂಥ ಎತ್ತರದ ಜಾಗಗಳ ಆಸುಪಾಸಿನಲ್ಲಿ ಬಿಡಿಬಿಡಿ ಗುಡುಗು ಮೋಡ ಎದ್ದಿರುತ್ತವೆ. ಸಂಜೆ ಹೊತ್ತಿಗೆ ಅವುಗಳ ತಣ್ಣನೆ ಗಾಳಿ ಒಂದಕ್ಕೊಂದು ಕೂಡಿ ಸಾಲಾಗುತ್ತವೆ. ಗಂಟೆಗೆ 55 ಕಿ.ಮೀ.ನಂತೆ 12 ಗಂಟೆ ಓಡಿದರೆ 660 ಕಿ.ಮೀ. ಆಯಿತು. ಬಿಸಿಲು ಖರ್ಚಾದದ್ದು ನಿನ್ನೆ, ಎಲ್ಲೋ ದೂರದಲ್ಲಿ. ಅಲ್ಲದೆ ಆ ಸೀಮೆಯಲ್ಲಿ ರಾತ್ರಿ ಮಾನ್ಸೂನ್ ಗಾಳಿ ಇನ್ನೂ ಚುರುಕಾಗುತ್ತೆ, ಹಗಲಿನ ಕಾವಿನ ಕದಡಾಟ ನಿಂತಿರೋದರಿಂದ ಅದಕ್ಕೆ ತಡೆ ಕಡಿಮೆ. ಹಾಗಾಗಿ ರಾತ್ರಿ ಓಟಕ್ಕೆ ಮೇವಿನ ಕೊರತೆ ಇಲ್ಲ. ಕೆಲವು ಸಾಲುಗಳು 1000 ಕಿ.ಮೀ. ದಾಟಿ ಹೋಗುತ್ತವೆ. ಅಟ್ಲಾಂಟಿಕ್ ತೀರ ಮುಟ್ಟಿದ ಮೇಲೆ ಬಹುಪಾಲು ಸೊರಗುತ್ತವೆ.

ಎರಡನೇದನ್ನು ಮೇಡಂ ಹೇಳಲಿ, ಅವರ ಕಸುಬು.

ಮಳೆಗಣಿತ:
ನನಗೆ ಅತಿ ಇಷ್ಟದ ಭಾಗ ಇದು, ಆದರೆ ಎಲ್ಲರೂ ಧೂಳಿನ ಗೋಡೆ ನೋಡಿ ಫೋಟೊ ತೆಗೆದು ಒಳಗೆ ಹೋಗಿಬಿಡ್ತಾರೆ!

ಮುಂದಿನ ಗುಡುಗು ಮೋಡಗಳ ಪಟ್ಟಿ ಅಗಲದಲ್ಲಿ 20-30 ಕಿ.ಮೀ. ಮಾತ್ರ. ಅದರ ಹಿಂದೆ 100-200 ಕಿ.ಮೀ. ಉದ್ದಕ್ಕೆ ಪದರ ಮೋಡದ ಬಾಲ. ನಿಮ್ಮ ಗಡಿಯಾರಕ್ಕೆ ಹಾಕಿ ನೋಡಿ: 25 ಕಿ.ಮೀ.ಯನ್ನು 55ರಿಂದ ಭಾಗಿಸಿದರೆ ಅರ್ಧ ಗಂಟೆಗೆ ಸ್ವಲ್ಪ ಕಮ್ಮಿ. 150 ಕಿ.ಮೀ.ಗೆ ಎರಡೂಮುಕ್ಕಾಲು ಗಂಟೆ. ನೀವು ಬರೆದದ್ದೂ ಹಾಗೇ ಇದೆ.

ಆ ಬಾಲ ಬರೀ ಉಳಿಕೆ ಮಳೆ ಅಲ್ಲ. ಮುಂದೆ ಹುಟ್ಟಿದ ಮೋಡಗಳು ಹಿಂದೆ ಬೀಳುತ್ತಾ ತಮ್ಮ ಹಿಮದ ಹರಳುಗಳನ್ನು ಎತ್ತರದಲ್ಲೇ ಬಿಟ್ಟು ಹೋಗುತ್ತವೆ. ಐದು ಕಿ.ಮೀ.ಗಿಂತ ಮೇಲೆ ಆ ಪದರದ ಒಳಗೆ ಗಾಳಿ ನಿಧಾನವಾಗಿ, ಆದರೆ ಬಲು ದೊಡ್ಡ ಜಾಗದಲ್ಲಿ, ಏರುತ್ತಾ ಇರುತ್ತೆ, ಹರಳು ಬೆಳೆಯುತ್ತವೆ. ಸೊನ್ನೆ ಡಿಗ್ರಿ ಎತ್ತರಕ್ಕೆ ಇಳಿದಾಗ ಕರಗಿ ಹನಿ ಆಗ್ತವೆ. ರೇಡಾರ್ ಚಿತ್ರದಲ್ಲಿ ಆ ಕರಗುವ ಎತ್ತರ ಒಂದು ಹೊಳೆಯುವ ಪಟ್ಟಿಯಾಗಿ ಕಾಣುತ್ತೆ. 1974ರ ಸೆಪ್ಟೆಂಬರ್ 4-5ರಂದು ಅಟ್ಲಾಂಟಿಕ್ ಮೇಲೆ ಹಾದ ಒಂದು ಸಾಲನ್ನು ಹವಾಮಾನ ವಿಜ್ಞಾನಿ ರಾಬರ್ಟ್ ಹೌಸ್ ಲೆಕ್ಕ ಹಾಕಿದಾಗ ಒಟ್ಟು ಮಳೆಯಲ್ಲಿ ಸುಮಾರು 40 ಪ್ರತಿಶತ ಈ ಬಾಲದಿಂದಲೇ ಬಂದಿತ್ತು. ಅಲ್ಲಿವರೆಗೆ ಉಷ್ಣವಲಯದ ಮಳೆ ಅಂದ್ರೆ ಗೋಪುರದಂಥ ಮೋಡ, ಅಷ್ಟೇ ಅಂತ ತಿಳಿದಿದ್ರು.

ಇನ್ನೂ ಒಂದು ತಮಾಷೆ ಇದೆ. ಆ ಜಿಟಿಜಿಟಿ ಬೀಳ್ತಾ ಇರೋವಾಗ ಒಂದೆರಡು ಕಿ.ಮೀ. ಮೇಲೆ ಬಲೂನು ಬಿಟ್ಟು ಅಳೆದರೆ ಗಾಳಿ ಒಣಗಿರುತ್ತೆ, ಬೆಚ್ಚಗೂ ಇರುತ್ತೆ! ಮಳೆ ಬೀಳ್ತಿದೆ, ಆದರೂ ಒಣ. ಬಾಲದ ಅಡಿಯಲ್ಲಿ ಹಿಂದಿನಿಂದ ನುಗ್ಗುವ ಗಾಳಿ ಇಳಿಯುತ್ತಾ ಬರೋದರಿಂದ ಒತ್ತಿಹೋಗಿ ಬಿಸಿಯಾಗುತ್ತೆ, ಸಣ್ಣ ಹನಿಗಳು ಆವಿಯಾಗಿ ಅದನ್ನು ತಣಿಸುವಷ್ಟರಲ್ಲಿ ಅದು ಇನ್ನೂ ಕೆಳಗೆ ಹೋಗಿರುತ್ತೆ. ಎಡ್ವರ್ಡ್ ಜಿಪ್ಸರ್ 1969, 1977ರ ಬರಹಗಳಲ್ಲಿ ಇದನ್ನು ಬಿಡಿಸಿ ತೋರಿಸಿದ್ರು: ಮುಂದೆ ಗುಡುಗು ಮೋಡದ ಅಡಿಯಲ್ಲಿ ಧೊಪ್ಪನೆ ಇಳಿಯೋದು ಬೇರೆ, ಹಿಂದೆ ಬಾಲದಡಿ ಮೆಲ್ಲಗೆ ಇಳಿಯೋದು ಬೇರೆ.

ಪಿಯುಮೇಷ್ಟ್ರು:
ಒಂದು ಸಂದೇಹ ಮೇಡಂ. ಸಾಲು ಜೆಟ್‌ಗಿಂತ ವೇಗ ಅಂದಿರಿ. ಹಾಗಿದ್ರೆ ಸಾಲಿನ ಜೊತೆ ಓಡೋನಿಗೆ ಜೆಟ್ ಕೂಡ ಮುಂದಿನಿಂದಲೇ ಬಂದಂಗೆ ಕಾಣ್ಬೇಕು. ಹಿಂದಿನಿಂದ ನುಗ್ಗೋ ಗಾಳಿ ಎಲ್ಲಿಂದ ಬಂತು?

ಮಳೆಗಣಿತ:
ಅದನ್ನೇ ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಿದ್ದೆ ಮೇಷ್ಟ್ರೇ. ಅದು ಸಾಲು ತಾನೇ ಮಾಡಿಕೊಂಡ ಗಾಳಿ. ಮೇಲೆ ನೀರಾವಿ ಹಿಮವಾಗುತ್ತಾ ಗುಪ್ತೋಷ್ಣ ಬಿಡುತ್ತೆ, ಕೆಳಗೆ ಕರಗುತ್ತಾ ಆವಿಯಾಗುತ್ತಾ ಶಾಖ ಹೀರುತ್ತೆ. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ, ನಡುವೆ ಮೂರು-ನಾಲ್ಕು ಕಿ.ಮೀ. ಎತ್ತರದಲ್ಲಿ ಒತ್ತಡ ಕುಸಿಯುತ್ತೆ. ಆ ಕುಸಿತ ಹಿಂದಿನ ಗಾಳಿಯನ್ನು ಒಳಕ್ಕೆ ಸೆಳೆಯುತ್ತೆ. 1981ರಲ್ಲಿ ಐವರಿ ಕೋಸ್ಟ್‌ನ ಉತ್ತರದ ಕೊರ್ಹೊಗೊದಲ್ಲಿ ಫ್ರೆಂಚರು ಎರಡು ಡಾಪ್ಲರ್ ರೇಡಾರ್ ಇಟ್ಟು ಸಾಲಿನ ಒಳಗಿನ ಗಾಳಿ ಅಳೆದರು. ಹಿಂದಿನಿಂದ ನುಗ್ಗೋ ಗಾಳಿಯ ಚಿತ್ರ ಅಲ್ಲಿ ಸ್ಪಷ್ಟವಾಗಿ ಸಿಕ್ಕಿತು.

ಕಡಲತಡಿ:
ಸಿಂಗಪುರದಿಂದ ಬರೆಯುತ್ತಿದ್ದೇನೆ. ನಮಗಿಲ್ಲಿ ಇದರ ತಮ್ಮ ಇದ್ದಾನೆ, ಸುಮಾತ್ರಾ ಸ್ಕ್ವಾಲ್ ಅಂತ. ಏಪ್ರಿಲ್‌ನಿಂದ ನವೆಂಬರ್ ತನಕ, ರಾತ್ರಿ ಸುಮಾತ್ರಾ ದ್ವೀಪ ಅಥವಾ ಮಲಕ್ಕಾ ಜಲಸಂಧಿಯ ಮೇಲೆ ಹುಟ್ಟಿ, ನಸುಕಿನಿಂದ ಬೆಳಗಿನ ಆಫೀಸಿನ ಹೊತ್ತಿಗೆ ಸರಿಯಾಗಿ ತಲುಪುತ್ತೆ. ಆದರೆ ಇಲ್ಲಿ ಅದು ಬರೋದು ಪಶ್ಚಿಮದಿಂದ. ಒಂದೆರಡು ಗಂಟೆ ಮಳೆ. ಸಾಮಾನ್ಯವಾಗಿ ಗಾಳಿ ಗಂಟೆಗೆ 40ರಿಂದ 80 ಕಿ.ಮೀ. ಇಲ್ಲಿನ ದಾಖಲೆ 1984ರ ಏಪ್ರಿಲ್ 25ರದ್ದು, ತೆಂಗಾದಲ್ಲಿ 144.4 ಕಿ.ಮೀ.

ಇದು ಪಶ್ಚಿಮದಿಂದ ಬರೋದು ಯಾಕೆ, ಇಲ್ಲಿ ಜೆಟ್ ಇಲ್ಲವಲ್ಲ?

ಐಸೋಬಾರ್:
ನಿಮ್ಮಲ್ಲಿ ಆ ಹೊತ್ತಿಗೆ ಕೆಳಗಿನ ಒಂದೆರಡು ಕಿ.ಮೀ.ನ ಗಾಳಿಯೇ ನೈಋತ್ಯ–ಪಶ್ಚಿಮದ್ದು. ಸುಮಾತ್ರಾದ ಬೆಟ್ಟಸಾಲಿನಿಂದ ರಾತ್ರಿ ಇಳಿಯುವ ತಂಪು ಗಾಳಿ ಜಲಸಂಧಿಯ ಬೆಚ್ಚನೆ ನೀರಿನ ಮೇಲೆ ಎದುರಿನ ಮಲಯ ತೀರದ ಗಾಳಿಗೆ ಢಿಕ್ಕಿ ಹೊಡೆಯುತ್ತೆ, ಮೋಡ ಏಳುತ್ತೆ, ಕೆಳಗಿನ ಗಾಳಿ ಅದನ್ನು ಪೂರ್ವಕ್ಕೆ ನೂಕುತ್ತೆ. ಬಂಗಾಳದ ಕಾಲ್‌ಬೈಸಾಖಿ ಮತ್ತೆ ಬೇರೆ: ಛೋಟಾನಾಗ್ಪುರದ ಪ್ರಸ್ಥಭೂಮಿಯಲ್ಲಿ ಮಧ್ಯಾಹ್ನ ಎದ್ದು ವಾಯವ್ಯದಿಂದ ಬರುತ್ತೆ, ಅಲ್ಲಿ ಬೇಸಿಗೆಯಲ್ಲಿ ಮೇಲಿನ ಗಾಳಿ ಪಶ್ಚಿಮದ್ದು. ಯಾವ ಸೀಮೆಯದ್ದೇ ಆಗಲಿ, ಕೆಳಗಿನ ಗಾಳಿ ಎತ್ತ, ಮೇಲಿನದು ಎತ್ತ ಅಂತ ಮೊದಲು ಕೇಳಿ, ದಿಕ್ಕು ಆಮೇಲೆ ತಾನೇ ಗೊತ್ತಾಗುತ್ತೆ.

ಚಹಾಬಿಸ್ಕತ್ತು:
ನಮ್ಮ ಏರಿಯಾದಲ್ಲಿ ಮೊನ್ನೆ ಗಾಳಿಗೆ ಫ್ಲೆಕ್ಸ್ ಹಾರಿ ಬಂದು ಕಾರ್ ಮೇಲೆ ಬಿತ್ತು, ಅದೂ ಸ್ಕ್ವಾಲ್ ಲೈನಾ?

ಐಸೋಬಾರ್:
ಬರೀ ಗಾಳಿ ಬೀಸಿದ್ದಕ್ಕೆ ಸ್ಕ್ವಾಲ್ ಅನ್ನೋಲ್ಲ. ಗಾಳಿಯ ವೇಗ ಒಮ್ಮೆಲೇ ಸೆಕೆಂಡಿಗೆ 8 ಮೀಟರಿನಷ್ಟಾದರೂ ಏರಬೇಕು, 11 ಮೀಟರ್ ದಾಟಬೇಕು, ಕನಿಷ್ಠ ಒಂದು ನಿಮಿಷ ಹಾಗೇ ಇರಬೇಕು. ಕಾರಿನ ವಿಮೆಗೆ ಈ ವ್ಯಾಖ್ಯಾನ ಕೆಲಸಕ್ಕೆ ಬರಲಿಕ್ಕಿಲ್ಲ.

ಸಜ್ಜೆರೊಟ್ಟಿ:
ಸರ, ನನಗ ಒಂದು ಕೊರೀಲಿಕತ್ತದ. ಜುಲೈದಾಗ ನಮ್ಮ ಕಡೀನೂ ಕೆಳಗ ಪಡುವಲ ಗಾಳಿ ಹುಚ್ಚಾಪಟ್ಟಿ ಬೀಸ್ತದ, ಮ್ಯಾಲ ಪೂರ್ವದ ಜೆಟ್ ಅದ ಅಂದ್ರಿ. ವ್ಯತ್ಯಾಸ ಭಾರಿ ಅದಲ್ಲ? ಮತ್ತ ರಾಯಚೂರಿಗೆ ಯಾಕ ಇಂಥಾ ಸಾಲು ಬರೂದಿಲ್ಲ? ಆಷಾಢದಾಗ ಬರೇ ಗಾಳಿ, ಮ್ಯಾಲ ಮೋಡ ಓಡೇ ಓಡ್ತಾವ, ಹನಿ ಬೀಳೂದಿಲ್ಲ. ನಮಗ ದೊಡ್ಡ ಮಳಿ ಅಂದ್ರ ಉತ್ತರಿ, ಹಸ್ತದಾಗ, ರಾತ್ರಿ, ಗುಡುಗಿನ ಕೂಡ.

ಮಳೆಗಣಿತ:
ಇಡೀ ಚರ್ಚೆಯಲ್ಲೇ ಒಳ್ಳೆ ಪ್ರಶ್ನೆ ಇದು ಅಣ್ಣಾ. ವ್ಯತ್ಯಾಸ ಭಾರಿ ಇದೆ, ನಿಜ. ಆದರೆ ನಮ್ಮ ಪೂರ್ವ ಜೆಟ್ ಇರೋದು 14-15 ಕಿ.ಮೀ. ಎತ್ತರದಲ್ಲಿ, ಸಾಹೆಲ್‌ನದು ಮೂರು-ನಾಲ್ಕರಲ್ಲಿ. ತಣ್ಣನೆ ಗಾಳಿ ಒಂದು ಕಿ.ಮೀ. ದಪ್ಪ, ಅದರ ಜೊತೆ ಸೆಣಸೋಕೆ ಶಿಯರ್ ಕೆಳಗೇ ಇರಬೇಕು.

ಅದಕ್ಕಿಂತ ದೊಡ್ಡ ಕಾರಣ ಬೇರೆ. ಘಟ್ಟದ ಪಶ್ಚಿಮಕ್ಕೆ ಜುಲೈನಲ್ಲಿ ಗಾಳಿ ನೆಲದಿಂದ ಎತ್ತರದ ತನಕ ತೊಯ್ದಿರುತ್ತೆ. ಅಲ್ಲಿ ಬೀಳುವ ಮಳೆಗೆ ಆವಿಯಾಗಲು ಒಣ ಜಾಗವೇ ಇಲ್ಲ, ತಣ್ಣನೆ ಗಾಳಿ ಬಲವಾಗಿ ಹುಟ್ಟೋದಿಲ್ಲ. ಗುಡುಗೂ ಕಮ್ಮಿ ಅಂತ ಮಲೆನಾಡಿನವರು ಹೇಳ್ತಾರೆ. ಘಟ್ಟ ಇಳಿದು ನಿಮ್ಮ ಕಡೆ ಬರುವಾಗ ಗಾಳಿ ಮಳೆ ಕಳಕೊಂಡಿರುತ್ತೆ, ಇಳಿಜಾರಿನಲ್ಲಿ ಇಳಿದು ಬೆಚ್ಚಗಾಗಿರುತ್ತೆ, ಮೋಡ ಎತ್ತರಕ್ಕೆ ಬೆಳೆಯೋಕೆ ತಡೆ ಬೀಳುತ್ತೆ. ಅದೇ ನೀವು ಹೇಳೋ ಓಡೋ ಮೋಡ. ಸೆಪ್ಟೆಂಬರಿಗೆ ಪಡುವಲ ಗಾಳಿ ಸೋಲುತ್ತೆ, ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಬರುತ್ತೆ, ನೆಲ ಕಾಯುತ್ತೆ. ಆಗ ಗುಡುಗು ಮಳೆಗೆ ದಾರಿ. ಆಗಲೂ ಬಹುತೇಕ ಮೋಡದ ಗುಂಪುಗಳೇ, ಸಾಹೆಲ್‌ನಂಥ ನೂರಾರು ಕಿ.ಮೀ.ನ ಬಿಲ್ಲಲ್ಲ.

ಸಜ್ಜೆರೊಟ್ಟಿ:
ತಿಳೀತ್ರಿ ಅವ್ವಾ. ಹುಬ್ಬಳ್ಳಿ ತಮ್ಮಾ, ಅಲ್ಲಿ ಮಂದಿ ಏನು ಬಿತ್ತತಾರ?

ಹುಬ್ಬಳ್ಳಿಹುಡುಗ:
ನಿಮ್ಮ ಸಜ್ಜೀನ ಅಣ್ಣಾ! ಎತ್ತ ನೋಡಿದ್ರೂ ಸಜ್ಜಿ, ನಡುವ ಅಲಸಂದಿ. ಕೂರಿಗಿ ಇಲ್ಲ. ಉದ್ದ ಹಿಡಿಕಿ ಗುದ್ದಲಿಲಿಂದ ಮರಳಿನ್ಯಾಗ ಮಾರು ದೂರಕ್ಕ ಒಂದೊಂದು ಗುಣಿ, ಹಿಂದ ಬಂದವರು ಚಿಮಟಿ ಕಾಳು ಒಗದು ಕಾಲಿಲೆ ಮುಚ್ಚತಾರ. ಮೊದಲ ಮಳಿ ಬಂದ ಮರುದಿನನ ಊರಿಗೆ ಊರ ಹೊಲದಾಗ. ಆದ್ರ ಮುಂದಿನ ಬಿರುಗಾಳಿ ಬಂತಂದ್ರ ಮರಳು ಮೊಣಕಾಲ ಮಟ ಹಾರ್ತೈತಿ, ಎರಡೆಲಿ ಸಸಿ ಮುಚ್ಚೇ ಹೋಗ್ತಾವ. ಮತ್ತ ಬಿತ್ತಬೇಕು.

ಐಸೋಬಾರ್:
ಇದರ ಮೇಲೆ ಅಧ್ಯಯನವೇ ಆಗಿದೆ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಗೆ ನಿಯಾಮೆ ಹತ್ತಿರದ ಸಾದೋರೆಯಲ್ಲಿ ಒಂದು ಕೇಂದ್ರ ಇದೆ. ಅಲ್ಲಿ ಈ ಗಾಳಿ ಎಷ್ಟು ಮರಳು ಹೊರುತ್ತೆ, ಸಸಿ ಹೇಗೆ ಮುಚ್ಚಿಹೋಗುತ್ತೆ ಅಂತ ಅಳೆದರು. ಕಟಾವಿನ ನಂತರ ಸಜ್ಜೆ ದಂಟನ್ನು ಹೊಲದಲ್ಲೇ ಹರಡಿ ಬಿಟ್ಟರೆ ಮರಳಿನ ಓಟ ತಗ್ಗುತ್ತೆ ಅನ್ನೋದು ಕಂಡುಬಂತು. ಆದರೆ ದಂಟು ದನಕ್ಕೂ ಬೇಕು, ಬೇಲಿಗೂ ಬೇಕು, ಒಲೆಗೂ ಬೇಕು.

ಕೆಟ್ಟ ಕಾಲ ಮೇ-ಜೂನ್. ನೆಲ ಬೋಳಾಗಿರುತ್ತೆ, ಗಾಳಿ ಒಣಗಿರೋದರಿಂದ ಮಳೆ ಹೆಚ್ಚು ಆವಿಯಾಗಿ ತಣ್ಣನೆ ಗಾಳಿ ಬಲವಾಗಿರುತ್ತೆ. ಆಗಸ್ಟಿನಲ್ಲಿ ಬೆಳೆ ಎದ್ದಿರುತ್ತೆ, ಧೂಳು ಅಷ್ಟಿರೋಲ್ಲ. ಬಿರುಗಾಳಿಯನ್ನು ಬೈದು ಪ್ರಯೋಜನವಿಲ್ಲ, ಸಾಹೆಲ್‌ನ ವರ್ಷದ ಮಳೆಯ ಬಹುಪಾಲು ಇಂಥ ಸಾಲುಗಳಿಂದಲೇ ಸಿಗೋದು.

ಗಾಳಿಪಟ:
ಇಷ್ಟೆಲ್ಲ ಕಂಡುಹಿಡಿದದ್ದು ಉಪಗ್ರಹ ಬಂದ ಮೇಲೇನಾ?

ಐಸೋಬಾರ್:
ಅಲ್ಲ. ಹ್ಯಾಮಿಲ್ಟನ್ ಮತ್ತು ಆರ್ಚ್‌ಬೋಲ್ಡ್ ಅನ್ನುವ ಇಬ್ಬರು 1945ರಲ್ಲೇ ನೈಜೀರಿಯಾದ ಹವಾಮಾನದ ಬಗ್ಗೆ ಬರೆಯುತ್ತಾ ಈ ಸಾಲುಗಳ ರಚನೆ ವಿವರಿಸಿದ್ದರು. ಆಮೇಲೆ ದೊಡ್ಡ ಹೆಜ್ಜೆ 1974ರ ಗೇಟ್ (GATE) ಪ್ರಯೋಗ, ಅಟ್ಲಾಂಟಿಕ್‌ನ ಉಷ್ಣವಲಯದ ಮೋಡಗಳನ್ನು ಹಲವು ದೇಶ ಸೇರಿ ಅಳೆದದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಸೆನೆಗಲ್‌ನ ಡಾಕರ್ ಕೇಂದ್ರವಾಗಿ, ಸುಮಾರು 40 ಹಡಗು, ಹತ್ತಕ್ಕೂ ಹೆಚ್ಚು ವಿಮಾನ. ಶೀತಲ ಸಮರದ ನಡುವೆಯೇ ಅಮೆರಿಕ, ಸೋವಿಯತ್ ಹಡಗುಗಳು ಒಂದೇ ಸಮುದ್ರದಲ್ಲಿ ನಿಂತು ಒಂದೇ ಮೋಡ ಅಳೆದವು. ಮೇಡಂ ಹೇಳಿದ ಸೆಪ್ಟೆಂಬರಿನ ಸಾಲು ಸಿಕ್ಕಿದ್ದು ಆ ಹಡಗುಗಳ ರೇಡಾರಿಗೇ.

ಮಳೆಗಣಿತ:
ಈಚಿನದೊಂದು ಸೇರಿಸ್ತೀನಿ. ಮೀಟಿಯೊಸ್ಯಾಟ್ ಅನ್ನೋ ಯುರೋಪಿನ ಹವಾಮಾನ ಉಪಗ್ರಹಗಳ ಚಿತ್ರಗಳನ್ನು 1982ರಿಂದ ಜಾಲಾಡಿ ಕ್ರಿಸ್ಟೋಫರ್ ಟೇಲರ್ ಮತ್ತು ಸಂಗಡಿಗರು 2017ರಲ್ಲಿ ಬರೆದರು: ಸಾಹೆಲ್‌ನ ಅತಿ ತೀವ್ರ ಬಿರುಮಳೆ ಮೂರು ಪಟ್ಟು ಹೆಚ್ಚಿವೆ. ಅವರ ವಿವರಣೆ ನಮ್ಮ ಚರ್ಚೆಗೇ ಬಂದು ಸೇರುತ್ತೆ. ಸಹಾರಾ ಬೇಗ ಬಿಸಿಯಾಗ್ತಿದೆ, ಗಿನಿ ತೀರ ಅಷ್ಟು ಬೇಗ ಆಗ್ತಿಲ್ಲ, ಶಿಯರ್ ಹೆಚ್ತಿದೆ. ಒಟ್ಟು ಮಳೆ ಏರಿದ್ದು ಮಾತ್ರದಿಂದ ಇದನ್ನು ವಿವರಿಸೋಕಾಗಲ್ಲ.

ಹುಬ್ಬಳ್ಳಿಹುಡುಗ:
ಕಡೀಕ ನನ್ನ ಕಾಂಕ್ರೀಟಿಗೆ ಬರ್ರಿ. ಫೋನಿನ ಆ್ಯಪ್ ದಿನಾ ಮಧ್ಯಾಹ್ನ ಮಳಿ ತೋರಸ್ತೈತಿ, ಬರೋದು ನಸುಕಿನ್ಯಾಗ.

ಮಳೆಗಣಿತ:
ಆ್ಯಪ್ ಅಲ್ಲಿ ಎಡವೋದು ಮಾಮೂಲು. ಅದರ ಹಿಂದಿರುವ ಜಾಗತಿಕ ಮಾದರಿಗಳು ಭೂಮಿಯನ್ನು 9-13 ಕಿ.ಮೀ. ಚೌಕಗಳಾಗಿ, ಕೆಲವು ಇನ್ನೂ ದೊಡ್ಡದಾಗಿ ಕತ್ತರಿಸಿ ನೋಡ್ತವೆ. ಒಂದು ಗುಡುಗು ಮೋಡ ಆ ಚೌಕದೊಳಗೆ ಅಡಗಿಹೋಗುತ್ತೆ, ಹಾಗಾಗಿ ಅಂದಾಜು ಸೂತ್ರ ಹಾಕ್ತಾರೆ. ಆ ಸೂತ್ರ ಬಿಸಿಲು ಏರಿದ ಕೂಡಲೇ ಅಲ್ಲಲ್ಲೇ ಮಳೆ ಸುರಿಸಿ ಕೈ ತೊಳೆದುಕೊಳ್ಳುತ್ತೆ. ಒಂದು ಚೌಕದ ತಣ್ಣನೆ ಗಾಳಿ ಪಕ್ಕದ ಚೌಕದ ಕೆಳಗೆ ತೂರೋದನ್ನು ಅದು ಸರಿಯಾಗಿ ಹಿಡಿಯಲ್ಲ. ಅಂದ್ರೆ ಸಾಲಿನ ಓಟವೇ ತಪ್ಪಿಹೋಗುತ್ತೆ. ನಾಲ್ಕು ಕಿ.ಮೀ. ಅಥವಾ ಅದಕ್ಕಿಂತ ಸಣ್ಣ ಚೌಕದ ಮಾದರಿಗಳು ಎಷ್ಟೋ ವಾಸಿ.

ನಿಮಗೆ ಆ್ಯಪ್‌ಗಿಂತ ಮೀಟಿಯೊಸ್ಯಾಟ್ ಚಿತ್ರ ಮೇಲು. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಬರುತ್ತೆ, ಇನ್‌ಫ್ರಾರೆಡ್ ಆದ್ದರಿಂದ ರಾತ್ರಿಯೂ ಕಾಣುತ್ತೆ. ಪಶ್ಚಿಮದ ಅಂಚು ಚೂಪಾಗಿ, ಪೂರ್ವಕ್ಕೆ ಮಸುಕಾಗಿ ಹರಡಿದ ಅತಿ ತಣ್ಣನೆ ಮೋಡ ಹುಡುಕಿ. ಎರಡು ಚಿತ್ರ ಇಟ್ಟು ಅಂಚು ಎಷ್ಟು ಸರಿದಿದೆ ಅಳೆದರೆ ವೇಗ ಸಿಗುತ್ತೆ.

ಐಸೋಬಾರ್:
ಗಂಟೆಗೆ 55 ಅಂತ ಇಟ್ಟುಕೊಂಡರೆ: ಮಾರಾದಿ ನಿಮ್ಮಿಂದ ಪೂರ್ವಕ್ಕೆ ಸುಮಾರು 540 ಕಿ.ಮೀ. ರಾತ್ರಿ 8ಕ್ಕೆ ಅಂಚು ಮಾರಾದಿ ಮೇಲಿದ್ದರೆ ಬೆಳಿಗ್ಗೆ 6ರ ಹೊತ್ತಿಗೆ ನಿಮ್ಮಲ್ಲಿ. ದೊಗೊಂದುಚಿ ಸುಮಾರು 200 ಕಿ.ಮೀ., ಅಲ್ಲಿಗೆ ಬಂದಿದ್ದರೆ ಇನ್ನು ನಾಲ್ಕು ಗಂಟೆ ಕೂಡ ಇಲ್ಲ. ಎಲ್ಲ ಸಾಲೂ ತಲುಪೋಲ್ಲ, ದಾರಿಯಲ್ಲಿ ಕೆಲವು ಸಾಯುತ್ತವೆ. ಆದ್ದರಿಂದ ಮಲಗುವ ಮುನ್ನ ಒಮ್ಮೆ ನೋಡಿ, ನಡುರಾತ್ರಿ ಎಚ್ಚರವಾದರೆ ಇನ್ನೊಮ್ಮೆ ನೋಡಿ.

ಕಡಲತಡಿ:
ಪ್ಯಾನೆಲ್‌ಗಳ ವಿಷಯ ಮರೀಬೇಡಿ. ಮೊದಲ ಹೊಡೆತ ಪೂರ್ವದಿಂದ. ಅರ್ಧ ಬೋಲ್ಟ್ ಹಾಕಿದ ಪ್ಯಾನೆಲ್ ಆ ಕಡೆ ಬಾಯಿ ತೆರೆದು ನಿಂತಿದ್ದರೆ ಹಾರಿಹೋಗುತ್ತೆ.

ಹುಬ್ಬಳ್ಳಿಹುಡುಗ:
ಹೌದ್ರಿ ಅಕ್ಕಾರ. ನಾಳಿಂದ ಸಂಜಿಗೆ ಎಲ್ಲಾ ಬೋಲ್ಟ್ ಬಿಗೀದ ಹೊರತು ಯಾರನ್ನೂ ಮನಿಗೆ ಬಿಡಂಗಿಲ್ಲ. ಈಗ ರಾತ್ರಿ ಒಂಬತ್ತು, ಚಿತ್ರ ತಗದು ನೋಡ್ಲಿಕತ್ತೀನಿ. ಜಿಂದರ್ ಮ್ಯಾಲೆ ಒಂದು ದೊಡ್ಡ ಬಿಳಿ ಗುಂಪು ಐತಿ, ಪಶ್ಚಿಮದ ಅಂಚು ಚೂಪೈತಿ. ಇನ್ನ ಸುಮಾರು 740 ಕಿ.ಮೀ. ಬರೋದಿದ್ರ ನಾಳೆ ಹತ್ತೂವರಿಗೆ ಬರಬೇಕು.

ಪಿಯುಮೇಷ್ಟ್ರು:
ಹನ್ನೊಂದಕ್ಕೆ ಇಲ್ಲಿ ಬಂದು ಬರೀರಿ, ಬಂತೋ ಇಲ್ವೋ.